ನ್ಯುಮೋನಿಯಾಗೆ ಅಡ್ಮಿಟ್ ಆದವರ ಹೊಟ್ಟೆ ಕೆಟ್ಟರೆ ಏನು ಮಾಡಬೇಕು? ಜೊತೆಗಿರುವವರಿಗೆ ಒಂದು ಮಾರ್ಗದರ್ಶಿ

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇರುತ್ತದೆ. "ಅಪ್ಪನ ಜ್ವರ ಇಳಿದಿದೆ, ಆದರೆ ಭೇದಿ ಶುರುವಾಗಿದೆ." "ಅಮ್ಮ ನಾಲ್ಕು ದಿನದಿಂದ ಏನೂ ತಿಂದಿಲ್ಲ, ಹೊಟ್ಟೆ ಡೊಳ್ಳಿನ ಹಾಗೆ ಉಬ್ಬಿದೆ." "ಕಾಯಿಲೆ ಶ್ವಾಸಕೋಶದ್ದು, ಹೊಟ್ಟೆ ಯಾಕೆ ಕೆಡಬೇಕು?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಇದು ವಾರ್ಡಿನಲ್ಲಿ ರೋಗಿಯ ಪಕ್ಕ ಕೂತಿರುವವರಿಗಾಗಿ ಬರೆದದ್ದು. ಔಷಧಿ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ. ನೋಡುವುದು, ಬರೆದಿಡುವುದು, ಸರಿಯಾದ ಹೊತ್ತಿಗೆ ಹೇಳುವುದು ನಿಮ್ಮ ಕೆಲಸ.

ಹೊಟ್ಟೆ ಯಾಕೆ ಕೆಡುತ್ತದೆ ಅನ್ನುವುದಕ್ಕೆ ಒಂದೇ ಕಾರಣ ಇಲ್ಲ. ಸೋಂಕು ಜೋರಾಗಿದ್ದು ಆಮ್ಲಜನಕ ಕಡಿಮೆಯಾದಾಗ ದೇಹ ರಕ್ತವನ್ನು ಮೆದುಳು, ಹೃದಯದ ಕಡೆಗೆ ತಿರುಗಿಸುತ್ತದೆ. ಕರುಳಿಗೆ ಸಿಗುವ ಪಾಲು ಕಡಿಮೆಯಾಗುತ್ತದೆ. ಮೇಲಿಂದ ಆಂಟಿಬಯೋಟಿಕ್, ಮಲಗಿದಲ್ಲೇ ಮಲಗಿರುವುದು, ನೀರು ಕಡಿಮೆ, ನಿದ್ದೆ ಇಲ್ಲ. ಶ್ವಾಸಕೋಶದ ಕೆಳಭಾಗದಲ್ಲಿ ಸೋಂಕು ಇದ್ದರೆ ಪಕ್ಕದಲ್ಲೇ ಇರುವ ವಪೆಗೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ) ಕಿರಿಕಿರಿಯಾಗುತ್ತದೆ. ಆಗ ಮೇಲುಹೊಟ್ಟೆ ನೋಯಬಹುದು, ಬಿಕ್ಕಳಿಕೆ ಬರಬಹುದು. ಕೆಲವು ಸಲ ಹೊಟ್ಟೆಯ ತೊಂದರೆಯೇ ನ್ಯುಮೋನಿಯಾದ ಸುಳಿವು. ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ ಭೇದಿ ಮತ್ತು ಗೊಂದಲದ ಮಾತು ಮೊದಲಿಂದಲೇ ಇರಬಹುದು. ಕೋವಿಡ್‌ನಲ್ಲೂ ಭೇದಿ ಆಗುವುದನ್ನು ನಾವೆಲ್ಲ ನೋಡಿದ್ದೇವೆ.

ಕೈಯಲ್ಲಿ ಇರಬೇಕಾದವು

ಒಂದು ಸಣ್ಣ ನೋಟ್‌ಬುಕ್, ಪೆನ್ನು, ಅಳತೆಯ ಗೆರೆ ಇರುವ ಬಾಟಲಿ ಅಥವಾ ಲೋಟ, ಕೈ ತೊಳೆಯಲು ಸೋಪು, ಮೆತ್ತನೆ ಹಲ್ಲುಜ್ಜುವ ಬ್ರಷ್, ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿ. ಪಟ್ಟಿ ಮಾಡಲು ಪುರುಸೊತ್ತಿಲ್ಲದಿದ್ದರೆ ಮಾತ್ರೆಯ ಡಬ್ಬಿಯನ್ನೇ ತಂದುಬಿಡಿ. ಕಟ್ಟಿಟ್ಟುಕೊಂಡ ಹಣ್ಣಿನ ಬುಟ್ಟಿ ಬೇಕಿಲ್ಲ.

1. ಅಡ್ಮಿಟ್ ಆದ ದಿನವೇ ಇಷ್ಟು ಹೇಳಿಬಿಡಿ

ಗಡಿಬಿಡಿಯಲ್ಲಿ ಜನ ಸಕ್ಕರೆ ಕಾಯಿಲೆ, ಬಿಪಿ ಹೇಳುತ್ತಾರೆ, ಉಳಿದದ್ದು ಮರೆತುಹೋಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಆಸ್ಪಿರಿನ್ ಇದೆಯೇ? ಮಂಡಿನೋವಿಗೆ ನೋವಿನ ಮಾತ್ರೆ ನುಂಗುವ ಅಭ್ಯಾಸ ಇದೆಯೇ? ಹಿಂದೆ ಹೊಟ್ಟೆಯ ಹುಣ್ಣು, ಮೂಲವ್ಯಾಧಿ, ಲಿವರ್ ಅಥವಾ ಕಿಡ್ನಿ ತೊಂದರೆ ಇತ್ತೇ? ಲಕ್ವ ಹೊಡೆದಿತ್ತೇ, ನೀರು ಕುಡಿಯುವಾಗ ಆಗಾಗ ಕೆಮ್ಮು ಬರುತ್ತಿತ್ತೇ? ಕೊನೆಯ ಸಲ ಮಲ ಆದದ್ದು ಯಾವತ್ತು?

ಇನ್ನೆರಡು ವಿಷಯ ಹೇಳಲು ಜನ ಹಿಂಜರಿಯುತ್ತಾರೆ. ಒಂದು ಕುಡಿತ. ದಿನವೂ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಅದು ತಟ್ಟನೆ ನಿಂತರೆ ಒಂದೆರಡು ದಿನದಲ್ಲೇ ನಡುಕ, ವಾಂತಿ, ಗೊಂದಲ ಬರಬಹುದು. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೂ ಔಷಧಿ ಹಾಕುತ್ತಾರೆ. ಇನ್ನೊಂದು, ಅಡ್ಮಿಟ್ ಆಗುವ ಮೊದಲು ಮೆಡಿಕಲ್ ಸ್ಟೋರಿನಿಂದ ತಂದು ನುಂಗಿದ ಆಂಟಿಬಯೋಟಿಕ್. ಮುಂದೆ ಭೇದಿ ಬಂದರೆ ಕಾರಣ ಹುಡುಕಲು ಈ ಮಾಹಿತಿ ಬೇಕೇ ಬೇಕು. ಮುಚ್ಚಿಡಬೇಡಿ.

2. ಪ್ರತಿದಿನ ಒಂದು ಪುಟ ಬರೆಯಿರಿ

ಎಷ್ಟು ಕುಡಿದರು, ಏನು ತಿಂದರು, ವಾಂತಿ ಎಷ್ಟು ಸಲ, ಮಲ ಎಷ್ಟು ಸಲ, ಹೇಗಿತ್ತು, ಯಾವ ಬಣ್ಣ, ಗಾಳಿ ಹೋಗುತ್ತಿದೆಯೇ, ಮೂತ್ರ ಎಷ್ಟು ಸಲ. ಹೊತ್ತನ್ನೂ ಹಾಕಿ. ಡ್ಯೂಟಿ ಡಾಕ್ಟರು ಬದಲಾಗುತ್ತಾರೆ, ಸಿಸ್ಟರ್ ಬದಲಾಗುತ್ತಾರೆ, ನಿಮ್ಮ ಮನೆಯವರೂ ಪಾಳಿಯಲ್ಲಿ ಬದಲಾಗುತ್ತೀರಿ. "ಸ್ವಲ್ಪ ಲೂಸ್ ಮೋಷನ್ ಇದೆ ಸಾರ್" ಅಂದರೆ ರೌಂಡ್ಸ್‌ಗೆ ಬಂದವರಿಗೆ ಏನೂ ತಿಳಿಯುವುದಿಲ್ಲ. "ನಿನ್ನೆ ಸಂಜೆಯಿಂದ ಐದು ಸಲ, ಪೂರಾ ನೀರು, ಹೊಟ್ಟೆ ನುಲಿತ, ಮೂತ್ರ ಒಂದೇ ಸಲ" ಅಂದರೆ ಅವರು ಅಲ್ಲೇ ನಿಲ್ಲುತ್ತಾರೆ.

3. ಬಾಯಿಗೆ ಏನಾದರೂ ಹಾಕುವ ಮೊದಲು ಉಸಿರು ನೋಡಿ

ಇಡೀ ಲೇಖನದಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ. ನ್ಯುಮೋನಿಯಾ ರೋಗಿಗೆ ಮನೆಯವರಿಂದ ಆಗುವ ದೊಡ್ಡ ಅಪಾಯ ಪ್ರೀತಿಯಿಂದಲೇ ಆಗುತ್ತದೆ. ಏನೂ ತಿಂದಿಲ್ಲವಲ್ಲ ಎಂಬ ಸಂಕಟಕ್ಕೆ, ಅರೆನಿದ್ದೆಯಲ್ಲಿ ಮಲಗಿದವರ ಬಾಯಿಗೆ ಚಮಚದಲ್ಲಿ ಗಂಜಿ ಸುರಿಯುತ್ತಾರೆ. ಅದು ಅನ್ನನಾಳಕ್ಕೆ ಹೋಗುವ ಬದಲು ಶ್ವಾಸನಾಳಕ್ಕೆ ಇಳಿಯಬಹುದು. ಇದಕ್ಕೆ ಆಸ್ಪಿರೇಷನ್ ಅನ್ನುತ್ತಾರೆ. ಮೊದಲೇ ಸೋತಿರುವ ಶ್ವಾಸಕೋಶಕ್ಕೆ ಇದು ಎರಡನೇ ಪೆಟ್ಟು.

ನುಂಗುವ ಕ್ಷಣದಲ್ಲಿ ನಾವೆಲ್ಲ ಉಸಿರು ಹಿಡಿಯುತ್ತೇವೆ, ಗೊತ್ತೇ ಆಗದಷ್ಟು ಹೊತ್ತು. ಏದುಸಿರು ಬಿಡುತ್ತಿರುವವರಿಗೆ ಆ ಹೊತ್ತೂ ಸಿಗುವುದಿಲ್ಲ. ಹಾಗಾಗಿ ಮೊದಲು ಉಸಿರು ಎಣಿಸಿ. ಎದೆ ಏರಿ ಇಳಿದರೆ ಒಂದು ಎಣಿಕೆ. ಪೂರ್ತಿ ಒಂದು ನಿಮಿಷ ಎಣಿಸಿ. ದೊಡ್ಡವರಲ್ಲಿ ಸಾಮಾನ್ಯವಾಗಿ 12ರಿಂದ 20 ಇರುತ್ತದೆ. 25 ದಾಟಿದ್ದರೆ ಸಿಸ್ಟರನ್ನು ಕೇಳದೆ ಏನೂ ಕೊಡಬೇಡಿ.

ಆಮೇಲೆ ಈ ಕ್ರಮ:

ಹೆಸರು ಹಿಡಿದು ಕರೆದರೆ ಕಣ್ಣು ಬಿಟ್ಟು ಉತ್ತರ ಕೊಡಬೇಕು. ತೂಕಡಿಸುತ್ತಿದ್ದರೆ ಊಟ ಮುಂದಕ್ಕೆ ಹಾಕಿ. ಮಂಚದ ತಲೆಭಾಗ ಎತ್ತಿ, ಬೆನ್ನಿಗೆ ದಿಂಬು ಕೊಟ್ಟು, ಆದಷ್ಟು ನೆಟ್ಟಗೆ ಕೂರಿಸಿ. ಗದ್ದ ಸ್ವಲ್ಪ ಕೆಳಗಿರಲಿ. ಕತ್ತು ಹಿಂದಕ್ಕೆ ಚಾಚಿ ಮೇಲಿಂದ ನೀರು ಹುಯ್ಯುವುದು ತೀರಾ ಅಪಾಯ. ಹಲ್ಲಿನ ಸೆಟ್ ಇದ್ದರೆ ಹಾಕಿ. ಅರ್ಧ ಚಮಚದಿಂದ ಶುರು ಮಾಡಿ. ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನ ತುತ್ತು. ಮುಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಕೂತೇ ಇರಲಿ.

ನುಂಗುವಾಗ ಕೆಮ್ಮು, ದನಿ ಗೊರಗೊರ ಅನ್ನುವುದು, ಆಕ್ಸಿಜನ್ ರೀಡಿಂಗ್ ಇಳಿಯುವುದು ಕಂಡರೆ ಅಲ್ಲಿಗೇ ನಿಲ್ಲಿಸಿ, ಹೇಳಿ. ವಯಸ್ಸಾದವರಲ್ಲಿ ಕೆಮ್ಮೇ ಬರದೆ ಆಹಾರ ಒಳಗೆ ಜಾರುವುದುಂಟು, ಅದಕ್ಕೇ ದನಿ ಮತ್ತು ರೀಡಿಂಗ್ ಮೇಲೆ ಕಣ್ಣಿರಲಿ. ನುಂಗಲು ಕಷ್ಟ ಇರುವವರಿಗೆ ನೀರೇ ಸುಲಭ ಅಂದುಕೊಳ್ಳುತ್ತೇವೆ, ಅಲ್ವಾ? ಸಾಮಾನ್ಯವಾಗಿ ಅದು ತಿರುಗುಮುರುಗು. ತೆಳು ನೀರು ಬೇಗ ಜಾರಿ ತಪ್ಪು ದಾರಿ ಹಿಡಿಯುತ್ತದೆ. ಗಟ್ಟಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ ನಿಧಾನಕ್ಕೆ ಇಳಿಯುತ್ತದೆ. ಎಷ್ಟು ಗಟ್ಟಿ ಇರಬೇಕು ಅಂತ ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್ ಹೇಳುತ್ತಾರೆ. ಲಕ್ವ ಅಥವಾ ಪಾರ್ಕಿನ್ಸನ್ (ಕೈಕಾಲು ನಡುಗುವ ನರದ ಕಾಯಿಲೆ) ಇರುವವರಿಗೆ ಆ ಪರೀಕ್ಷೆ ಮಾಡಿಸಲು ನೀವೇ ಕೇಳಿ.

ಬೈಪ್ಯಾಪ್ ಹಾಕಿದ್ದರೆ, ಅಂದರೆ ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಮಷಿನ್ ಗಾಳಿ ಒತ್ತುತ್ತಿದ್ದರೆ, ಸ್ವಲ್ಪ ಗಾಳಿ ಹೊಟ್ಟೆಗೂ ಹೋಗುತ್ತದೆ. ಹೊಟ್ಟೆ ಉಬ್ಬಿ ವಾಂತಿ ಬಂದರೆ ಮಾಸ್ಕಿನೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಮಾಸ್ಕನ್ನು ನೀವೇ ಸರಿಸಿ ಒಂದು ಗುಟುಕು ಕಾಫಿ ಕೊಡುವ ಸಾಹಸ ಬೇಡ.

ಬಾಯಿಯ ಸ್ವಚ್ಛತೆಯೂ ಇದೇ ಹಂತಕ್ಕೆ ಸೇರಿದ್ದು. ಬಾಯಲ್ಲಿರುವ ಕ್ರಿಮಿಗಳೇ ಜೊಲ್ಲಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತವೆ. ದಿನಕ್ಕೆ ಎರಡು ಸಲ ಹಲ್ಲು, ನಾಲಿಗೆ ಶುಚಿ ಮಾಡಿ. ಊಟ ಇಲ್ಲದ ದಿನವೂ ಮಾಡಿ.

4. ಮೂಗಿನ ನಳಿಕೆ ಹಾಕಿದ್ದರೆ

ಮೂಗಿನಿಂದ ಹೊಟ್ಟೆಯವರೆಗೆ ಇಳಿಸುವ ತೆಳು ಕೊಳವೆಗೆ ರೈಲ್ಸ್ ಟ್ಯೂಬ್ ಅನ್ನುತ್ತಾರೆ. ಹಾಕಿದ ಮೇಲೆ ಅದು ಹೊಟ್ಟೆಯಲ್ಲೇ ಇದೆ ಅಂತ ಎಕ್ಸ್‌ರೇ ಮೂಲಕ ಖಚಿತ ಮಾಡಿಕೊಂಡು ಡಾಕ್ಟರು ಹೇಳುವವರೆಗೆ ಏನೂ ಹಾಕಬಾರದು. ಮೂಗಿನ ಹತ್ತಿರ ಟ್ಯೂಬಿನ ಮೇಲೆ ಯಾವ ಗುರುತು ಕಾಣುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆ ಗುರುತು ಸರಿದಿದ್ದರೆ ಆಹಾರ ಹಾಕದೆ ಸಿಸ್ಟರನ್ನು ಕರೆಯಿರಿ.

ನಮ್ಮ ಬಹಳಷ್ಟು ವಾರ್ಡುಗಳಲ್ಲಿ ಟ್ಯೂಬಿನಲ್ಲಿ ಆಹಾರ ಹಾಕುವ ಕೆಲಸ ಮನೆಯವರ ಪಾಲಿಗೇ ಬರುತ್ತದೆ. ಒಂದು ಸಲ ಸಿಸ್ಟರ್ ಮಾಡುವುದನ್ನು ನೋಡಿ, ಆಮೇಲೆ ಅವರೆದುರಿಗೇ ಮಾಡಿ ತೋರಿಸಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತಿರಬೇಕು, ಮುಗಿದ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇರಲಿ. ಸಿರಿಂಜಿನ ಹಿಡಿಕೆ ತೆಗೆದು, ಆಹಾರ ತಾನಾಗಿ ಇಳಿಯಲು ಬಿಡಿ. ಬೇಗ ಮುಗಿಯಲಿ ಅಂತ ಒತ್ತಿದರೆ ವಾಂತಿ ಅಥವಾ ಭೇದಿ ಆಗಬಹುದು. ಕೊನೆಯಲ್ಲಿ ಸಿಸ್ಟರ್ ಹೇಳಿದಷ್ಟು ನೀರು ಹಾಕಿ ಟ್ಯೂಬ್ ತೊಳೆಯಿರಿ, ಇಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯದು ಬೇಡ. ಬೆಳಿಗ್ಗೆ ಮನೆಯಿಂದ ತಂದ ಗಂಜಿಯನ್ನು ಮಂಚದ ಪಕ್ಕವೇ ಇಟ್ಟು ಸಂಜೆವರೆಗೆ ಹಾಕುವುದೂ ಬೇಡ. ಸೋಸದ ಗಂಜಿ ಹಾಕಿ ಟ್ಯೂಬ್ ಕಟ್ಟಿಸಿಕೊಂಡು ಬೈಸಿಕೊಳ್ಳುವವರು ಎಲ್ಲ ವಾರ್ಡಿನಲ್ಲೂ ಇದ್ದಾರೆ.

5. ಹಸಿವಿಲ್ಲ, ವಾಕರಿಕೆ, ವಾಂತಿ

ಹಸಿವು ಸತ್ತಿರುವುದು ಸೋಂಕಿನ ಲಕ್ಷಣ. ಮೊದಲ ಒಂದೆರಡು ದಿನ ಅದಕ್ಕೆ ಗಾಬರಿ ಬೇಡ. ಆದರೆ ಯಾವ ಔಷಧಿ ಕೊಟ್ಟ ಮೇಲೆ ವಾಕರಿಕೆ ಬರುತ್ತದೆ ಅಂತ ನಿಮ್ಮ ನೋಟ್‌ಬುಕ್‌ನಲ್ಲಿ ಹುಡುಕಿ. ಅಜಿತ್ರೋಮೈಸಿನ್ ಜಾತಿಯ ಆಂಟಿಬಯೋಟಿಕ್‌ಗಳು ಹೊಟ್ಟೆ, ಕರುಳಿನ ಚಲನೆಯನ್ನೇ ಹೆಚ್ಚಿಸುತ್ತವೆ, ಅದರಿಂದ ಹೊಟ್ಟೆ ನುಲಿತ, ವಾಕರಿಕೆ. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆಯನ್ನು ಊಟದ ಮೊದಲ ತುತ್ತುಗಳ ಜೊತೆ ಕೊಟ್ಟರೆ ಹೊಟ್ಟೆಗೆ ಹಿತ. ಡಾಕ್ಸಿಸೈಕ್ಲಿನ್ ಆದರೆ ತುಂಬಿದ ಲೋಟ ನೀರಿನ ಜೊತೆ, ಕೂತುಕೊಂಡೇ ನುಂಗಬೇಕು. ಅರ್ಧ ಗಂಟೆ ಮಲಗಬಾರದು. ಇಲ್ಲದಿದ್ದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಲೀವೊಫ್ಲಾಕ್ಸಸಿನ್ ಮಾತ್ರೆಗೂ ಆಂಟಾಸಿಡ್, ಕಬ್ಬಿಣ, ಸತು, ಕ್ಯಾಲ್ಸಿಯಂ ಮಾತ್ರೆಗಳಿಗೂ ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಬೇಕು. ಗ್ಯಾಸ್ ಅಂತ ನೀವು ಜೇಬಿನಿಂದ ತೆಗೆದು ಕೊಟ್ಟ ಆಂಟಾಸಿಡ್, ಆಂಟಿಬಯೋಟಿಕ್ಕಿನ ಕೆಲಸವನ್ನೇ ಕೆಡಿಸಬಹುದು.

ವಾಂತಿ ಬಂತು ಅಂದರೆ ತಕ್ಷಣ ಒಂದು ಪಕ್ಕಕ್ಕೆ ತಿರುಗಿಸಿ. ಅಂಗಾತ ಮಲಗಿಸಬೇಡಿ.

ಊಟದ ವಿಷಯ. ರೋಗಿಗೆ ಗಂಜಿ ನಮ್ಮ ರೂಢಿ, ಒಳ್ಳೆಯದೇ. ಆದರೆ ತೆಳು ಅನ್ನದ ಗಂಜಿ, ಎಳನೀರು, ಬ್ರೆಡ್ಡು, ಗ್ಲೂಕೋಸ್ ಪುಡಿ ಇಷ್ಟರಲ್ಲೇ ವಾರ ಕಳೆದರೆ ಸ್ನಾಯು ಕರಗುತ್ತದೆ. ಕೆಮ್ಮಿ ಕಫ ತೆಗೆಯಲೂ ಸ್ನಾಯು ಬೇಕು. ಗಂಭೀರ ಕಾಯಿಲೆಯಲ್ಲಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.2 ಗ್ರಾಂ ಅಥವಾ ಇನ್ನೂ ಜಾಸ್ತಿ ಪ್ರೋಟೀನ್ ಬೇಕಾಗುತ್ತದೆ. 60 ಕಿಲೋ ಇರುವವರಿಗೆ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಲೆಕ್ಕ ಹಾಕಿ ನೋಡಿ, ಎಷ್ಟು ಹಿಂದೆ ಬಿದ್ದಿದ್ದೇವೆ ಅಂತ ಗೊತ್ತಾಗುತ್ತದೆ. ಗಂಜಿಗೆ ಬೇಳೆ ಕಟ್ಟು, ಹೆಸರುಬೇಳೆ, ಮೊಸರು, ಹಾಲು ಸೇರಿಸಿ. ದಿನಕ್ಕೆ ಮೂರು ಊಟದ ಬದಲು ಆರು ಸಲ ಸ್ವಲ್ಪ ಸ್ವಲ್ಪ. ಕಿಡ್ನಿ ಕಾಯಿಲೆ ಇದ್ದವರಿಗೆ ಈ ಲೆಕ್ಕ ಬೇರೆ. ಅವರಿಗೆ ಎಳನೀರಿನ ಪೊಟ್ಯಾಸಿಯಂ ಕೂಡ ಅಪಾಯ ತರಬಹುದು, ಡಯಟೀಷಿಯನ್‌ರನ್ನು ಕೇಳಿ.

6. ಭೇದಿ ಶುರುವಾದರೆ

24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಸಲ ನೀರಾಗಿ ಹೋದರೆ ಭೇದಿ ಅಂತ ಲೆಕ್ಕ. ಬಹಳ ಸಲ ಇದು ಆಂಟಿಬಯೋಟಿಕ್ಕಿನ ಫಲ. ಅದು ಶ್ವಾಸಕೋಶದ ಕ್ರಿಮಿಯ ಜೊತೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಸೌಮ್ಯವಾಗಿದ್ದರೆ ಕೋರ್ಸ್ ಮುಗಿದ ಮೇಲೆ ತಾನೇ ನಿಲ್ಲುತ್ತದೆ. ಅದಕ್ಕಾಗಿ ನೀವಾಗಿಯೇ ಆಂಟಿಬಯೋಟಿಕ್ ನಿಲ್ಲಿಸಬೇಡಿ.

ಆದರೆ ಒಂದು ಬಗೆ ಹಗುರವಾದದ್ದಲ್ಲ. ಒಳ್ಳೆಯ ಬ್ಯಾಕ್ಟೀರಿಯಾ ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬುದು ಬೆಳೆದು ವಿಷ ಉಗುಳುತ್ತದೆ. ಡಾಕ್ಟರು ಚಿಕ್ಕದಾಗಿ ಸಿ ಡಿಫ್ ಅನ್ನುತ್ತಾರೆ. ಪದೇ ಪದೇ ನೀರಿನಂಥ ಭೇದಿ, ಹೊಟ್ಟೆ ನುಲಿತ, ಇಳಿದ ಜ್ವರ ಮತ್ತೆ ಏರುವುದು, ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣ ಹೆಚ್ಚುವುದು ಇದರ ಲಕ್ಷಣ. ವಯಸ್ಸಾದವರಿಗೆ, ಹಲವು ಆಂಟಿಬಯೋಟಿಕ್ ತೆಗೆದುಕೊಂಡವರಿಗೆ, ತುಂಬಾ ದಿನ ಆಸ್ಪತ್ರೆಯಲ್ಲಿದ್ದವರಿಗೆ ಇದರ ಅಪಾಯ ಜಾಸ್ತಿ. ನೀರಾದ ಮಲವನ್ನೇ ಪರೀಕ್ಷೆಗೆ ಕೊಡಬೇಕು. ಚಿಕಿತ್ಸೆಗೆ ಬೇರೆಯೇ ಔಷಧಿ ಇದೆ.

ಮಾಡಬೇಕಾದ್ದು:

ನೀರು ತುಂಬಿಸಿ. ಬಾಯಿಂದ ಕುಡಿಯಬಲ್ಲವರಿಗೆ ಓಆರ್‌ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಬರೆದಿದೆಯೋ ಅಷ್ಟರಲ್ಲೇ ಕದಡಿ. ದೊಡ್ಡ ಪೊಟ್ಟಣಕ್ಕೆ 1 ಲೀಟರ್. ಅರ್ಧ ಪೊಟ್ಟಣ ಒಂದು ಲೋಟಕ್ಕೆ ಹಾಕಿದರೆ ಉಪ್ಪು ಜಾಸ್ತಿಯಾಗಿ ತೊಂದರೆ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ಅಂಗಡಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಸಕ್ಕರೆ ಜಾಸ್ತಿ ಇದ್ದು ಭೇದಿ ಹೆಚ್ಚಬಹುದು. ಅಂಥ ಪಾನೀಯಗಳ ಹೆಸರಲ್ಲಿ ಓಆರ್‌ಎಸ್ ಅಂತ ಹಾಕುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಹೇಳಿದೆ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಅಂತ ಇದೆಯೇ ನೋಡಿ ಕೊಳ್ಳಿ.

ಎಷ್ಟು ಕುಡಿಸಬೇಕು ಅಂತ ಮಾತ್ರ ಕೇಳಿಯೇ ಮಾಡಿ. ಹೃದಯ, ಕಿಡ್ನಿ ದುರ್ಬಲ ಇದ್ದವರಿಗೆ ನೀರಿಗೆ ಮಿತಿ ಹಾಕಿರುತ್ತಾರೆ. ನ್ಯುಮೋನಿಯಾದಲ್ಲಿ ರಕ್ತದ ಸೋಡಿಯಂ ಇಳಿಯುವುದೂ ಸಾಮಾನ್ಯ, ಆಗಲೂ ನೀರು ಕಡಿಮೆ ಮಾಡಲು ಹೇಳಬಹುದು.

ಲೋಪೆರಮೈಡ್‌ನಂಥ ಭೇದಿ ನಿಲ್ಲಿಸುವ ಮಾತ್ರೆ ಸ್ವಂತ ಬುದ್ಧಿಯಿಂದ ಕೊಡಬೇಡಿ. ಸಿ ಡಿಫ್ ಇದ್ದರೆ ವಿಷ ಕರುಳಲ್ಲೇ ಉಳಿದು ಅನಾಹುತ ಆಗಬಹುದು.

ಕೈ ತೊಳೆಯಲು ಸೋಪು, ನೀರು. ಮಂಚಕ್ಕೆ ನೇತುಹಾಕಿದ ಸ್ಯಾನಿಟೈಸರ್ ಈ ಕ್ರಿಮಿಯ ಬೀಜಕಣಗಳನ್ನು ಕೊಲ್ಲುವುದಿಲ್ಲ. ಡೈಪರ್ ಬದಲಿಸಿದ ಮೇಲೆ, ಬೆಡ್‌ಪ್ಯಾನ್ ಮುಟ್ಟಿದ ಮೇಲೆ, ಊಟ ಮಾಡಿಸುವ ಮೊದಲು, ಪ್ರತಿ ಸಲವೂ ಸೋಪು.

ಪ್ರೋಬಯೋಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಪುಡಿ, ಮಾತ್ರೆ) ಕೊಡಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಐಸಿಯುನಲ್ಲಿ ಇರುವವರಿಗೆ, ಕೀಮೋ ಅಥವಾ ಅಂಗಾಂಗ ಕಸಿ ಆದವರಿಗೆ, ಕುತ್ತಿಗೆಯ ದೊಡ್ಡ ನಾಳಕ್ಕೆ ಸೂಜಿ ಹಾಕಿದವರಿಗೆ ಕೇಳದೆ ಬೇಡ. ಅವು ಜೀವಂತ ಕ್ರಿಮಿಗಳು, ಅಪರೂಪಕ್ಕೆ ರಕ್ತಕ್ಕೆ ಸೇರುವುದುಂಟು. ಉಳಿದವರು ಮೊಸರು ತಿನ್ನಲಿ ಬಿಡಿ.

ಭೇದಿ ಇದ್ದಾಗ ಇನ್ನೊಂದು ಅಪಾಯ ಟಾಯ್ಲೆಟ್ಟಿನದ್ದು. ಅವಸರಕ್ಕೆ ಆಕ್ಸಿಜನ್ ಕಿತ್ತು ಓಡುತ್ತಾರೆ, ಅಲ್ಲೇ ರೀಡಿಂಗ್ ಇಳಿದು ಬೀಳುತ್ತಾರೆ. ಬೆಡ್‌ಪ್ಯಾನ್ ಅಥವಾ ಕಮೋಡ್ ಕುರ್ಚಿ ಕೇಳಿ. ನಡೆದೇ ಹೋಗುವುದಾದರೆ ಜೊತೆಗೊಬ್ಬರು ಇರಲಿ, ಒಳಗಿಂದ ಚಿಲಕ ಹಾಕಬಾರದು.

7. ಹೊಟ್ಟೆ ಉಬ್ಬರ ಮತ್ತು ಮಲ ಕಟ್ಟುವುದು

ಮಲಗಿದ್ದು, ನೀರು ಕಡಿಮೆ, ಕೋಡೀನ್ ಇರುವ ಕೆಮ್ಮಿನ ಸಿರಪ್, ವಾಂತಿ ನಿಲ್ಲಿಸುವ ಆಂಡಾನ್‌ಸೆಟ್ರಾನ್, ಇವೆಲ್ಲ ಮಲ ಕಟ್ಟುತ್ತವೆ. ಜನ ಗಮನಿಸದ ಇನ್ನೊಂದು ಕಾರಣ ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಲವಣ ಇಳಿಯುವುದು. ಪದೇ ಪದೇ ಸಾಲ್ಬುಟಮಾಲ್ ನೆಬ್ಯುಲೈಸೇಷನ್ (ಉಸಿರಿನ ದಾರಿ ಅಗಲಿಸಲು ಮಾಸ್ಕಿನಲ್ಲಿ ಕೊಡುವ ಔಷಧಿಯ ಹಬೆ), ಸ್ಟೀರಾಯ್ಡ್, ಮೂತ್ರ ಹೆಚ್ಚಿಸುವ ಇಂಜೆಕ್ಷನ್, ಭೇದಿ ಎಲ್ಲವೂ ಅದನ್ನು ಇಳಿಸುತ್ತವೆ. ಇಳಿದರೆ ಕರುಳು ಮಂಕಾಗುತ್ತದೆ. ರಿಪೋರ್ಟಿನಲ್ಲಿ 3.5ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ ಗಮನಕ್ಕೆ ತನ್ನಿ.

ಮೂರು ದಿನ ಮಲ ಆಗದಿದ್ದರೆ ಹೇಳಿ. ತಿಣುಕಿದರೆ ಉಸಿರು ಇನ್ನೂ ಕಟ್ಟುತ್ತದೆ. ಉಬ್ಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತಿ ಶ್ವಾಸಕೋಶ ಅರಳಲು ಬಿಡುವುದಿಲ್ಲ. ಡಾಕ್ಟರು ಒಪ್ಪಿದ ಕೂಡಲೇ ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ.

ಒಂದು ಮೋಸದ ಲಕ್ಷಣ ಇದೆ. ಐದಾರು ದಿನ ಮಲ ಕಟ್ಟಿದ ವೃದ್ಧರಲ್ಲಿ ಗಟ್ಟಿ ಮಲದ ಸಂದಿಯಿಂದ ನೀರು ಮಾತ್ರ ಸೋರುತ್ತದೆ. ಮನೆಯವರು ಭೇದಿ ಅಂದುಕೊಳ್ಳುತ್ತಾರೆ. ನಿಜಕ್ಕೂ ಅದು ಮಲಬದ್ಧತೆ. ನೋಟ್‌ಬುಕ್ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಹೊಟ್ಟೆ ಬಿಗಿಯಾಗಿ ಉಬ್ಬಿ, ಗಾಳಿಯೂ ಹೋಗದೆ, ಹಸಿರು ವಾಂತಿ ಆದರೆ ಕರುಳಿನ ಚಲನೆ ನಿಂತಿರಬಹುದು. ಇದಕ್ಕೆ ಇಲಿಯಸ್ ಅನ್ನುತ್ತಾರೆ. ಬಾಯಿಗೆ, ಟ್ಯೂಬಿಗೆ ಎಲ್ಲ ನಿಲ್ಲಿಸಿ ಡಾಕ್ಟರನ್ನು ಕರೆಸಿ. ಓಮದ ನೀರು, ಜೀರಿಗೆ ಕಷಾಯದ ಹೊತ್ತಲ್ಲ ಇದು.

8. ರಾತ್ರಿ ಎಷ್ಟು ಹೊತ್ತಾದರೂ ಸರಿ, ತಕ್ಷಣ ಕರೆಯಬೇಕಾದ್ದು

ವಾಂತಿಯಲ್ಲಿ ರಕ್ತ, ಅಥವಾ ಕಾಫಿ ಗಸಟಿನಂಥ ಕಂದು ಪುಡಿ. ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯ ಮಲ. ಇವು ಹೊಟ್ಟೆಯೊಳಗೆ ರಕ್ತ ಸೋರುವ ಗುರುತು. ತೀವ್ರ ಕಾಯಿಲೆಯ ಒತ್ತಡದಲ್ಲಿ ಜಠರದ ಒಳಪದರ ಹುಣ್ಣಾಗುತ್ತದೆ. ವೆಂಟಿಲೇಟರಿನಲ್ಲಿ 48 ಗಂಟೆಗಿಂತ ಹೆಚ್ಚು ಇದ್ದವರಿಗೆ, ರಕ್ತ ಹೆಪ್ಪುಗಟ್ಟದ ತೊಂದರೆ ಇದ್ದವರಿಗೆ ಇದರ ಭಯ ಜಾಸ್ತಿ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದು ನಿಜ. ಆ ತೀರ್ಮಾನ ಮಾತ್ರ ಡಾಕ್ಟರಿಗೇ ಬಿಡಿ. ಬೆಡ್‌ಪ್ಯಾನ್ ಚೆಲ್ಲದೆ ತೋರಿಸಿ.

ಹೊಟ್ಟೆ ಮುಟ್ಟಲು ಬಿಡದಷ್ಟು ನೋವು, ಕಣ್ಣು ಹಳದಿ, ಆರೇಳು ಗಂಟೆ ಮೂತ್ರವೇ ಇಲ್ಲ, ಇದ್ದಕ್ಕಿದ್ದಂತೆ ಮಂಕು ಹಿಡಿಯುವುದು ಕಂಡರೂ ಕಾಯಬೇಡಿ.

9. ಮಕ್ಕಳಾದರೆ

ಮಕ್ಕಳಲ್ಲಿ ನ್ಯುಮೋನಿಯಾ ಹೊಟ್ಟೆನೋವು, ವಾಂತಿಯ ವೇಷದಲ್ಲೇ ಬರಬಹುದು, ಅಪೆಂಡಿಸೈಟಿಸ್ ಅಂದುಕೊಳ್ಳುವಷ್ಟು. ಜ್ವರದ ಜೊತೆ ಹೊಟ್ಟೆನೋವು ಇದ್ದರೆ ಉಸಿರನ್ನೂ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ನಿಮಿಷಕ್ಕೆ 2 ತಿಂಗಳೊಳಗಿನ ಕೂಸಿಗೆ 60, 2ರಿಂದ 11 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40, ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉಸಿರು ವೇಗವಾಗಿದೆ ಅಂತ ಅರ್ಥ. ಎದೆಹಾಲು ನಿಲ್ಲಿಸಬೇಡಿ, ಆದರೆ ಏದುಸಿರು ಇದ್ದಾಗ ಹೇಗೆ ಕುಡಿಸಬೇಕು ಅಂತ ಸಿಸ್ಟರನ್ನು ಕೇಳಿ. ಭೇದಿ ಇದ್ದರೆ ಓಆರ್‌ಎಸ್ ಜೊತೆ ಡಾಕ್ಟರು ಸತುವಿನ ಔಷಧಿಯನ್ನೂ 10ರಿಂದ 14 ದಿನ ಬರೆಯುತ್ತಾರೆ. ಭೇದಿ ನಿಂತ ಮೇಲೂ ಅದನ್ನು ಪೂರ್ತಿ ಮುಗಿಸಬೇಕು.

10. ಡಿಸ್ಚಾರ್ಜ್ ದಿನ ಮತ್ತು ಆಮೇಲೆ

ಬಿಲ್ ಕಟ್ಟುವ ಗದ್ದಲದಲ್ಲಿ ಈ ಪ್ರಶ್ನೆಗಳು ಉಳಿದುಬಿಡುತ್ತವೆ. ಪ್ಯಾಂಟಪ್ರಜೋಲ್‌ನಂಥ ಆಸಿಡ್ ಕಡಿಮೆ ಮಾಡುವ ಮಾತ್ರೆ ಎಷ್ಟು ದಿನ? ಆಸ್ಪತ್ರೆಯಲ್ಲಿ ಶುರುವಾದ ಈ ಮಾತ್ರೆ ವರ್ಷಗಟ್ಟಲೆ ಮುಂದುವರಿಯುವುದು ನಮ್ಮಲ್ಲಿ ಮಾಮೂಲು. ಕೆಲವರಿಗೆ ನಿಜವಾಗಿ ಬೇಕು. ಉಳಿದವರಿಗೆ ಸುಮ್ನೆ ಮುಂದುವರಿಸಿದರೆ ಸಿ ಡಿಫ್ ಅಪಾಯ ಸ್ವಲ್ಪ ಹೆಚ್ಚುತ್ತದೆ. ನಿಲ್ಲಿಸುವ ತಾರೀಖನ್ನು ಡಿಸ್ಚಾರ್ಜ್ ಸಮರಿಯಲ್ಲೇ (ಮನೆಗೆ ಕಳಿಸುವಾಗ ಆಸ್ಪತ್ರೆ ಕೊಡುವ ಚಿಕಿತ್ಸೆಯ ವಿವರ) ಬರೆಸಿಕೊಳ್ಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬರೆದಿದ್ದರೆ, ಅದರ ಮೇಲೆ ನೆಗಡಿಯ ಮಾತ್ರೆ ಕೊಡಬೇಡಿ. ಬಹಳಷ್ಟು ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ, ಲಿವರಿಗೆ ಎರಡು ಪಟ್ಟು ಬೀಳುತ್ತದೆ.

ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮುಗಿದು ಕೆಲವು ವಾರ ಆದ ಮೇಲೂ ಕಾಮಾಲೆ ಬರಬಹುದು, ಅಪರೂಪಕ್ಕೆ. ಮೈ ತುರಿಕೆ, ಗಾಢ ಬಣ್ಣದ ಮೂತ್ರ ಕಂಡರೆ ರಕ್ತ ಪರೀಕ್ಷೆ ಮಾಡಿಸಿ. ಸಿ ಡಿಫ್ ಭೇದಿಯೂ ಹಾಗೇ, ಕೋರ್ಸ್ ಮುಗಿದು ಎರಡು ಮೂರು ತಿಂಗಳೊಳಗೆ ಯಾವಾಗ ಬೇಕಾದರೂ ಬರಬಹುದು. ಆಗ ನೀವು ಹೋಗುವುದು ಹತ್ತಿರದ ಕ್ಲಿನಿಕ್ಕಿಗೆ, ಅಲ್ಲಿನವರಿಗೆ ನ್ಯುಮೋನಿಯಾ ಕತೆ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ಸಮರಿಯ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ. ಭೇದಿ ಅಂತ ಹೇಳುವ ಮೊದಲು "ಇಂಥ ತಿಂಗಳು ಆಸ್ಪತ್ರೆಯಲ್ಲಿದ್ದರು, ಈ ಆಂಟಿಬಯೋಟಿಕ್ ಕೊಟ್ಟಿದ್ದರು" ಅಂತ ಹೇಳಿ.